ನಾಲ್ಕು ವಿಳಾಸದ ಮನೆ

ಚಾಮರಾಜಪೇಟೆಯ ರಾಯರು ಲೋಕವನ್ನು ಅಳೆಯುವುದು ಮೂವತ್ತು-ನಲವತ್ತರ ಸೈಟಿನ ಲೆಕ್ಕದಲ್ಲಿ. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಗೃಹಸಾಲದ ಕಡತಗಳನ್ನೇ ತಿರುವಿ ಹಾಕಿದವರು. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಸೂರ್ಯೋದಯ ನೋಡುವಾಗಲೂ ಅವರ ಕಣ್ಣು ಬಂಡೆಯ ಉದ್ದಗಲ ಗುಣಿಸುತ್ತಿರುತ್ತದೆ ಎಂದು ವಾಕಿಂಗ್ ಬಳಗದವರು ನಗುತ್ತಾರೆ. ಅಂಥವರ ಕಿವಿಗೆ ಒಂದು ಬೆಳಿಗ್ಗೆ ಆ ಮಾತು ಬಿತ್ತು: ಮಂಗೋಲಿಯಾದಲ್ಲಿ ಸರಕಾರವೇ ಜನರಿಗೆ ಪುಕ್ಕಟೆ ಜಾಗ ಕೊಡುತ್ತದಂತೆ.

"ಎಷ್ಟು?" ಅಂದರು ರಾಯರು.

ಸುಳ್ಳಲ್ಲ. ಅಲ್ಲಿಯ ಭೂ ಕಾಯ್ದೆ 2003ರಲ್ಲಿ ಜಾರಿಗೆ ಬಂತು. ರಾಜಧಾನಿ ಉಲಾನ್‌ಬಾಟರ್‌ನಲ್ಲಿ ಒಂದು ಕುಟುಂಬಕ್ಕೆ 0.07 ಹೆಕ್ಟೇರ್, ಅಂದರೆ 700 ಚದರ ಮೀಟರ್. ಆಮೇಲೆ ಕುಟುಂಬಕ್ಕೆ ಬದಲು ತಲೆಗೊಂದರಂತೆ ಎಂದಾಯಿತು. ರಾಯರು ಮನಸ್ಸಿನಲ್ಲೇ ಭಾಗಿಸಿದರು. ಏಳೂವರೆ ಸಾವಿರ ಚದರಡಿ. ಮೂವತ್ತು-ನಲವತ್ತರದು ಆರು ಸೈಟು, ಮೇಲಿಷ್ಟು ಚಿಲ್ಲರೆ. ಬೆಂಗಳೂರಿನಲ್ಲಿ ಒಂದೇ ಒಂದು ಸೈಟಿಗಾಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಕಾದು, ಕಾದು, ಕೊನೆಗೆ ಮಾವನವರ ಹಳೇ ಮನೆಯಲ್ಲೇ ಉಳಿದುಹೋದ ಮನುಷ್ಯನಿಗೆ ಇದು ಪುರಾಣದ ಮಾತಿನಂತೆ ಕೇಳಿಸಿತು. ಅವರು ಮಂಗೋಲಿಯಾಕ್ಕೆ ಹೊರಟಿದ್ದಕ್ಕೆ ಚೆಂಗೀಸ್ ಖಾನ್ ಕಾರಣನಲ್ಲ, ಈ ಚಿಲ್ಲರೆ ಸಮೇತ ಆರು ಸೈಟು ಕಾರಣ.

ಹೊರಡುವ ಮುಂಚಿನ ವಾರ ಮನೆಯಲ್ಲಿ ದೊಡ್ಡ ಚರ್ಚೆ ನಡೆದದ್ದು ಪಾಸ್‌ಪೋರ್ಟಿನ ಬಗ್ಗೆ ಅಲ್ಲ, ಊಟದ ಬಗ್ಗೆ. "ಏನ್ರೀ, ಅಲ್ಲಿ ಹುಲ್ಲು ಬಿಟ್ರೆ ಹಸುರು ಅನ್ನೋದೇ ಇಲ್ವಂತಲ್ರೀ. ಹುಲ್ಲನ್ನ ಕುರಿ ತಿನ್ನುತ್ತೆ, ಕುರೀನ ಅವರು ತಿಂತಾರೆ. ನೀವೇನು ತಿಂತೀರಿ?" ಎಂದು ಮನೆಯವರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿಯಿಂದ ಎರಡು ಕೆ.ಜಿ. ಕೋಡುಬಳೆ, ಚಟ್ನಿಪುಡಿ, ಹುರಿಗಾಳು, ಗೊಜ್ಜವಲಕ್ಕಿಯ ಪೊಟ್ಟಣಗಳು ಬಂದವು. ಜುಲೈ ತಿಂಗಳಾದ್ದರಿಂದ ಸ್ವೆಟರ್ ಸಾಕು ಅಂತ ಬಳಗದವರು ಅಂದರೂ ಮಂಕಿಕ್ಯಾಪು ಪೆಟ್ಟಿಗೆ ಸೇರಿತು. ಬೆಂಗಳೂರಿನಲ್ಲಿ ಹದಿನಾರು ಡಿಗ್ರಿಗೇ ಕಿವಿ ಮುಚ್ಚುವವರು, ಜನವರಿಯಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ರಾಜಧಾನಿಯನ್ನು ಬರಿಗಿವಿಯಲ್ಲಿ ನಂಬುವುದು ಹೇಗೆ?

ವಿಮಾನ ನಿಲ್ದಾಣ ಊರಿನಿಂದ ಸುಮಾರು ಐವತ್ತು ಕಿಲೋಮೀಟರು ದೂರ. 2021ರಲ್ಲಿ ಶುರುವಾದ ಹೊಸ ನಿಲ್ದಾಣ, ಖಾಲಿ ಕಣಿವೆಯ ನಡುವೆ ನಿಂತಿದೆ. ಚಾಮರಾಜಪೇಟೆಯಿಂದ ದೇವನಹಳ್ಳಿಗೆ ಹೋಗಿ ಹೋಗಿ ಪಳಗಿದ, ರಾಯರ ಜೊತೆ ಹೊರಟಿದ್ದ ವಾಕಿಂಗ್ ಬಳಗಕ್ಕೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಊರು ಹತ್ತಿರ ಬಂದಂತೆ ಇನ್ನೂ ಮನೆಯ ವಾತಾವರಣ ಎನ್ನಿಸಿತು: ಟ್ರಾಫಿಕ್ಕು. ಜಪಾನಿನಲ್ಲಿ ಓಡಿ ಹಳತಾದ ಪ್ರಿಯಸ್ ಕಾರುಗಳ ಸಾಲು, ರಸ್ತೆಯ ಬಲಬದಿಯಲ್ಲಿ ಓಡುವ ಊರಿನಲ್ಲಿ ಸ್ಟೇರಿಂಗೂ ಬಲಗಡೆಗೇ. ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ವಾರಕ್ಕೊಂದು ದಿನ ಕಾರು ಹೊರಗೆ ತೆಗೆಯುವಂತಿಲ್ಲ ಎಂಬ ನಿಯಮವಿದೆ. ನಿಯಮ ಬಂದ ಮೇಲೆ ಇನ್ನೊಂದು ಕಾರು ಕೊಂಡವರೂ ಇದ್ದಾರೆ ಎಂದು ಚಾಲಕ ನಕ್ಕ. ರಾಯರೂ ನಕ್ಕರು, ಬುದ್ಧಿ ಎಲ್ಲ ಊರಲ್ಲೂ ಒಂದೇ ಥರ ಓಡುತ್ತದೆ.

ಆದರೆ ಈ ಊರಿನ ಜಾತಕ ಬೇರೆ. ನಮ್ಮ ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸಿದ ಕಥೆ ಎಲ್ಲರಿಗೂ ಗೊತ್ತು: ದೊಡ್ಡಪೇಟೆಯ ಚೌಕದಿಂದ ನಾಲ್ಕು ದಿಕ್ಕಿಗೆ ನಾಲ್ಕು ಜೊತೆ ಎತ್ತು ಹೂಡಿ, ನೇಗಿಲ ಗೆರೆ ಎಳೆಸಿ, ಗೆರೆಯೇ ಬೀದಿಯಾಯಿತಂತೆ. ಉಲಾನ್‌ಬಾಟರ್ ಹುಟ್ಟಿದ್ದು ಗೆರೆಯಿಂದಲ್ಲ. 1639ರಲ್ಲಿ ಅದೊಂದು ಗುಡಾರದ ಮಠ. ಮಠದ ಸುತ್ತ ಭಿಕ್ಷುಗಳು, ಭಿಕ್ಷುಗಳ ಸುತ್ತ ವ್ಯಾಪಾರಿಗಳು, ಎಲ್ಲರ ಸುತ್ತ ದನಕುರಿ. ಮೇವು ಮುಗಿದರೆ ಇಡೀ ಊರೇ ಗಂಟುಮೂಟೆ ಕಟ್ಟಿಕೊಂಡು ಮುಂದಿನ ಕಣಿವೆಗೆ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಜಾಗ ಬದಲಿಸಿ, 1778ರಲ್ಲಿ ಈಗಿರುವಲ್ಲಿ ಕೂತಿತು. ಈಗಿನ ಹೆಸರು, 'ಕೆಂಪು ವೀರ' ಎಂಬರ್ಥದ್ದು, 1924ರದು. ಎತ್ತು ಹೂಡಿದ್ದರಿಂದ ಆದ ಊರು ನಮ್ಮದು. ಎತ್ತು ಬಿಚ್ಚಿದ್ದರಿಂದ ಆದ ಊರು ಅವರದು.

ಮಂಗೋಲಿಯಾ ಕರ್ನಾಟಕದ ಎಂಟರಷ್ಟು ದೊಡ್ಡದು. ಜನ ಮೂವತ್ತೈದು ಲಕ್ಷದ ಆಸುಪಾಸು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದೇ ಊರಿನಲ್ಲಿ ತುಂಬಿಕೊಂಡಿದ್ದಾರೆ.

ನಾಡಾಮ್ ಹಬ್ಬ ಜುಲೈ 11ರಿಂದ. ಕುಸ್ತಿ, ಬಿಲ್ಗಾರಿಕೆ, ಕುದುರೆ ಓಟ, ಮುಖ್ಯವಾಗಿ ಈ ಮೂರು. ಕುಸ್ತಿಯಲ್ಲಿ ತೂಕದ ವಿಂಗಡಣೆ ಇಲ್ಲ. ಐನೂರಹನ್ನೆರಡು ಜಟ್ಟಿಗಳು ಇಳಿದು, ಅರ್ಧ ಅರ್ಧ ಉದುರುತ್ತ, ಕೊನೆಗೊಬ್ಬ ಉಳಿಯುತ್ತಾನೆ. ಗೆದ್ದವನು ಹದ್ದಿನ ಹಾಗೆ ರೆಕ್ಕೆ ಬಿಚ್ಚಿ ಕುಣಿಯುತ್ತಾನೆ, ಸೋತವನು ಗೆದ್ದವನ ತೋಳಿನ ಕೆಳಗೆ ನುಸುಳಿ ಹೋಗುತ್ತಾನೆ. ಪೇಟೆಯ ಗರಡಿ ಮನೆಯ ಮಣ್ಣಿನ ವಾಸನೆಯಲ್ಲಿ ಬೆಳೆದ ರಾಯರಿಗೆ ಇಲ್ಲಿ ಬೆರಗಾದದ್ದು ಪಟ್ಟುಗಳಿಗಲ್ಲ, ಬಿರುದುಗಳಿಗೆ. ಗಿಡುಗ, ಆನೆ, ಸಿಂಹ, ಅದರ ಮೇಲೆ ಮಹಾಕಾಯ. ಆನೆಯೂ ಇಲ್ಲದ, ಸಿಂಹವೂ ಇಲ್ಲದ ನಾಡಿನಲ್ಲಿ ಪೈಲ್ವಾನನಿಗೆ ಆನೆ ಎಂಬ ಬಿರುದು! ಇದು ನಮ್ಮ ಕಡೆಯಿಂದಲೇ ನಡೆದುಕೊಂಡು ಹೋಗಿರಬೇಕು ಎಂದು ರಾಯರು ತೀರ್ಮಾನಿಸಿದರು. ಅದಕ್ಕೆ ಆಧಾರ ಕೇಳಬಾರದು. ಆದರೆ ಆಧಾರವಿರುವ ಸಂಗತಿಯೇ ಆ ರಾತ್ರಿ ಸಿಕ್ಕಿತು.

ವಸತಿಗೃಹದ ಜಗುಲಿಯಲ್ಲಿ ಕೂತು ಅಲ್ಲಿಯ ಹುಡುಗನೊಬ್ಬ ಆಕಾಶ ತೋರಿಸಿ ಗ್ರಹಗಳ ಹೆಸರು ಹೇಳುತ್ತಿದ್ದ. ಅಂಗಾರಗ್. ಬುದ್. ಬರ್ಹಸ್‌ಬದಿ. ಸುಗರ್. ಸಂಚಿರ್. ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ಪ್ರತಿ ಯುಗಾದಿಗೆ ಪಂಚಾಂಗ ಓದುವ ಮನುಷ್ಯ. ಅಂಗಾರಕ, ಬುಧ, ಬೃಹಸ್ಪತಿ, ಶುಕ್ರ, ಶನೈಶ್ಚರರ ಗುರುತು ಸಿಗದೆ ಇದ್ದೀತೆ? ಬೌದ್ಧಧರ್ಮದ ಬೆನ್ನೇರಿ, ಮಧ್ಯ ಏಷ್ಯದ ಎಷ್ಟೋ ನಾಲಿಗೆಗಳ ಮೇಲೆ ಹೊರಳಿ ಇಲ್ಲಿಗೆ ಬಂದ ಸಂಸ್ಕೃತ ಇದು. ಗಂಧದ ಮರಕ್ಕೆ ಅವರು ಜಂದನ್ ಎನ್ನುತ್ತಾರೆ. ಔಷಧಿ ಗುಣದ ಊಟೆನೀರಿಗೆ ಅವರ ಮಾತು ರಶಾನ್, ನಮ್ಮ ರಸಾಯನ. ಮಂಗೋಲರ ಹಳೆಯ ರಾಜಧಾನಿ ಕಾರಾಕೋರಮ್ಮಿನ ಹಾಳಿನ ಕಲ್ಲುಗಳಿಂದಲೇ 1586ರ ಸುಮಾರಿಗೆ ಕಟ್ಟಿದ ಎರ್ದೆನೆ ಜೂ ಮಠದ ಹೆಸರಿನಲ್ಲಿರುವ ಎರ್ದೆನೆ, ನಮ್ಮ ರತ್ನ. ಅದರ ಸುತ್ತುಗೋಡೆಯ ಮೇಲೆ ನೂರೆಂಟು ಸ್ತೂಪ. ಎಣಿಸಲು ಹೋದ ರಾಯರು ತೊಂಬತ್ತರ ಹತ್ತಿರ ತಪ್ಪಿಸಿಕೊಂಡು, ನೂರೆಂಟು ಇದ್ದೇ ಇರುತ್ತದೆ ಬಿಡಿ ಎಂದರು.

ಈ ಸಂಬಂಧ ಈಗಲೂ ಕಡಿದಿಲ್ಲ, ಅದೂ ನಮ್ಮ ಉತ್ತರ ಕನ್ನಡದ ಮೂಲಕ. 1930ರ ದಶಕದಲ್ಲಿ ಕಮ್ಯುನಿಸ್ಟ್ ಸರಕಾರ ಮಠಗಳನ್ನು ಕೆಡವಿ ಸಾವಿರಾರು ಲಾಮಾಗಳನ್ನು ಕೊಂದಿತು. 1990ರಲ್ಲಿ ಗಾಳಿ ಬದಲಾದ ಮೇಲೆ ಓದಬೇಕೆನ್ನುವ ಮಂಗೋಲ್ ಭಿಕ್ಷುಗಳು ಹೊರಟದ್ದು ಮುಂಡಗೋಡಿಗೆ. ಟಿಬೆಟನ್ನರು ಅಲ್ಲಿ ಮತ್ತೆ ಕಟ್ಟಿಕೊಂಡ ದ್ರೆಪುಂಗ್ ಗೋಮಾಂಗ್ ಮಠಕ್ಕೂ ಮಂಗೋಲರಿಗೂ ಶತಮಾನಗಳ ನಂಟು. ಅದೇ ಹೊತ್ತಿಗೆ ಭಾರತ ಉಲಾನ್‌ಬಾಟರ್‌ಗೆ ರಾಯಭಾರಿಯಾಗಿ ಕಳಿಸಿದ್ದು ಲಡಾಖಿನ ಲಾಮಾ ಕುಶೋಕ್ ಬಕುಲಾ ಅವರನ್ನು. ಹತ್ತು ವರ್ಷ ಅಲ್ಲೇ ಇದ್ದರು. ಗೋಬಿ ಮರಳುಗಾಡಿನಿಂದ ಬಂದ ಹುಡುಗ ಮುಂಡಗೋಡಿನ ಜಡಿಮಳೆಯಲ್ಲಿ ಕೂತು ತರ್ಕಶಾಸ್ತ್ರ ಓದುವುದು ಎಷ್ಟು ಕಷ್ಟವೋ, ರಾಯರು ಮಂಗೋಲಿಯಾದಲ್ಲಿ ಮಧ್ಯಾಹ್ನದ ಊಟ ಹುಡುಕುವುದೂ ಅಷ್ಟೇ ಕಷ್ಟವಾಯಿತು.

ಇನ್ನು ಹಳ್ಳಿಗಾಡು. ಹಳ್ಳಿ ಎನ್ನುವುದೂ ತಪ್ಪೇ. ಊರು ಬಿಟ್ಟು ಒಂದು ಗಂಟೆ ಆದ ಮೇಲೆ ಬೇಲಿ ಎಂಬುದು ಕಣ್ಣಿಗೆ ಬೀಳಲಿಲ್ಲ. ಹಸುರು ಗುಡ್ಡ, ಗುಡ್ಡದ ಬೆನ್ನಿಗೆ ಗುಡ್ಡ, ಎಲ್ಲೋ ಒಂದು ಬಿಳಿ ಚುಕ್ಕೆ. ಆ ಚುಕ್ಕೆಯೇ ಗೆರ್, ಅಂದರೆ ಮನೆ. ಅರ್ಧ ಗಂಟೆಯಿಂದ ರಾಯರ ಲೆಕ್ಕದ ಬುದ್ಧಿ ಕೆಲಸ ಮಾಡುತ್ತಲೇ ಇತ್ತು. ಕೊನೆಗೆ ಅವರು ಗೈಡ್ ಹುಡುಗಿಯನ್ನು ಕೇಳಿದರು: "ಈ ಜಾಗ ಯಾರದಮ್ಮಾ?" ಆಕೆಗೆ ಪ್ರಶ್ನೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದರು. ಯಾರದೂ ಅಲ್ಲ, ಅಂದಳು. 1992ರ ಸಂವಿಧಾನದ ಪ್ರಕಾರ ಹುಲ್ಲುಗಾವಲು ಖಾಸಗಿ ಸ್ವತ್ತಾಗುವಂತಿಲ್ಲ. ಪುಕ್ಕಟೆ ಸೈಟು ಇರುವುದು ಊರಿನಲ್ಲಿ. ಇಲ್ಲಿ ಸೈಟೇ ಇಲ್ಲ.

ಗೆರ್‌ನ ಹತ್ತಿರ ಹೋದಾಗ ಚಾಲಕ ಗಾಡಿಯಿಂದಲೇ ಕೂಗಿದ: "ನೊಹೊಯ್ ಹೋರ್!" ನಾಯಿ ಹಿಡ್ಕೊಳ್ಳಿ ಎಂದರ್ಥ. ಯಾರದೇ ಮನೆಗೆ ಹೋದರೂ ಮೊದಲ ಮಾತು ಇದೇ ಅಂತೆ, ನಾಯಿ ಇಲ್ಲದಿದ್ದರೂ. ನಮ್ಮಲ್ಲಿ ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಎಂದು ಮನೆಯವರು ಬರೆಸುತ್ತಾರೆ. ಅಲ್ಲಿ ಬಂದವರೇ ಬಾಯಲ್ಲಿ ಹೇಳಿಬಿಡುತ್ತಾರೆ. ಆಮೇಲೆ ಯೋಗಕ್ಷೇಮ. ಹೇಗಿದ್ದೀರಿ ಎಂದು ನೇರ ಕೇಳುವ ಮೊದಲು, ಬೇಸಿಗೆ ಚೆನ್ನಾಗಿ ಕಳೆಯುತ್ತಿದೆಯಾ, ದನಕುರಿ ಮೈತುಂಬಿಕೊಂಡಿವೆಯಾ. ಮನುಷ್ಯನ ಸರದಿ ಅದರ ನಂತರ.

ಬಾಗಿಲು ದಕ್ಷಿಣಕ್ಕೆ. ವಾಸ್ತು ನಂಬುವವರು ಇಲ್ಲಿ ಬೆಚ್ಚಬೇಕು; ಉತ್ತರದಿಂದ ಬೀಸುವ ಚಳಿಗಾಳಿಗೆ ಯಾವ ಶಾಸ್ತ್ರವೂ ಗೊತ್ತಿಲ್ಲ. ಬಾಗಿಲು ಗಿಡ್ಡ, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಹೊಸಿಲು ತುಳಿಯಬಾರದು ಎಂದು ಗೈಡ್ ಎಚ್ಚರಿಸುವ ಮುಂಚೆಯೇ ರಾಯರು ಬಲಗಾಲೆತ್ತಿ ದಾಟಿದ್ದರು. ಮನೆಯವರು ಮೆಚ್ಚಿ ತಲೆಯಾಡಿಸಿದರು. ಪಡಸಾಲೆ, ನಡುಮನೆ, ಅಡುಗೆಮನೆ, ದೇವರಮನೆ ಎಲ್ಲ ಆ ಒಂದು ದುಂಡು ಕೋಣೆಯೊಳಗೇ ಇವೆ, ಗೋಡೆ ಮಾತ್ರ ಇಲ್ಲ. ನಡುವೆ ಒಲೆ. ಬಾಗಿಲಿಗೆ ಎದುರಾಗಿ ಹಿಂಬದಿಯದು ಹಿರಿಯರ ಮತ್ತು ದೇವರ ಜಾಗ. ಪಶ್ಚಿಮದ ಕಡೆ ಗಂಡಸರು, ಜೀನು, ಲಗಾಮು. ಪೂರ್ವದ ಕಡೆ ಹೆಂಗಸರು, ಪಾತ್ರೆ ಪಡಗ. ಒಲೆಯ ಕಡೆ ಕಾಲು ಚಾಚಬಾರದು, ಬೆಂಕಿಗೆ ಕಸ ಎಸೆಯಬಾರದು, ಕೊಟ್ಟದ್ದನ್ನು ಎಡಗೈಯಲ್ಲಿ ಈಸಿಕೊಳ್ಳಬಾರದು. "ಇದೇನ್ರೀ, ನಮ್ಮಜ್ಜಿ ಮನೆಗೇ ಬಂದ ಹಾಗಾಯ್ತು" ಎಂದರು ರಾಯರು.

ಮನೆಯ ಅಸ್ಥಿಪಂಜರ ನೋಡಬೇಕು. ಕತ್ತರಿಯಂತೆ ಬಿಚ್ಚಿ ಮಡಿಚುವ ಮರದ ಜಾಲರಿಯೇ ಗೋಡೆ. ನೆತ್ತಿಯಲ್ಲಿ ಗಾಡಿಯ ಚಕ್ರದಂಥ ದುಂಡು ಕಿಂಡಿ, ಅದರಿಂದ ಕೊಡೆಯ ಕಡ್ಡಿಗಳ ಹಾಗೆ ಇಳಿದು ಗೋಡೆಗೆ ಕೂರುವ ಬಣ್ಣದ ತೊಲೆಗಳು, ನಡುವೆ ಎರಡು ಕಂಬ. ಮೇಲೆ ಉಣ್ಣೆಯ ಹೊದಿಕೆ, ಅದರ ಮೇಲೆ ಬಿಳಿ ಬಟ್ಟೆ, ಸುತ್ತ ಹಗ್ಗ. ಮೊಳೆ ಇಲ್ಲ, ಗಾರೆ ಇಲ್ಲ. ಪಳಗಿದ ಕೈಗಳಾದರೆ ಒಂದೆರಡು ಗಂಟೆಯಲ್ಲಿ ಬಿಚ್ಚಿ ಗಾಡಿಗೆ ಏರಿಸುತ್ತಾರೆ. ಉಣ್ಣೆಯ ಹೊದಿಕೆಯನ್ನು ರಾಯರು ಬೆರಳಲ್ಲಿ ಉಜ್ಜಿ ನೋಡಿದರು. ನೂತಿದ್ದಲ್ಲ, ನೇಯ್ದದ್ದಲ್ಲ. ಕತ್ತರಿಸಿದ ಉಣ್ಣೆಯನ್ನು ಕೋಲಿನಿಂದ ಬಡಿದು ಹಿಂಜಿ, ಹರಡಿ, ನೀರು ಚಿಮುಕಿಸಿ, ಉರುಳೆಗೆ ಸುತ್ತಿ, ಕುದುರೆಗೋ ಒಂಟೆಗೋ ಕಟ್ಟಿ ಬಯಲಲ್ಲಿ ಎಳೆಸುತ್ತಾರೆ. ಉರುಳಿ ಉರುಳಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪ ಹಾಳೆಯಾಗುತ್ತದೆ. ಚಳ್ಳಕೆರೆಯ ಕಂಬಳಿ ಇದರ ದಾಯಾದಿ, ಆದರೆ ಹಾದಿ ಬೇರೆ: ನಮ್ಮ ಕುರುಬರು ಕರಿ ಉಣ್ಣೆಯನ್ನು ನೂತು, ಹಾಸುನೂಲಿಗೆ ಹುಣಸೆಬೀಜದ ಅಂಟು ಬಳಿದು ಗಟ್ಟಿಮಾಡಿ, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಆ ಕಂಬಳಿ ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಹಬ್ಬಕ್ಕೆ ದೇವರ ಗದ್ದುಗೆ. ಅವರದು ಮನೆಗೇ ಹೊದೆಸುವ ಕಂಬಳಿ.

ಮನೆಯಾಕೆ ಚಹಾ ಕಾಸಿದರು. ಒಲೆಯ ಮೇಲೆ ಬಾಣಲೆಯಂಥ ಅಗಲ ಪಾತ್ರೆ; ಅದರಲ್ಲಿ ನೀರು, ಚಹಾದ ಇಟ್ಟಿಗೆಯಿಂದ ಮುರಿದ ಚೂರು, ಹಾಲು, ಉಪ್ಪು. ಸೌಟಿನಿಂದ ಎತ್ತಿ ಎತ್ತಿ ಹೊಯ್ದು ಕುದಿಸಿದರು. ನಮ್ಮ ಕಾಫಿ ಹೋಟೆಲಿನವರು ಲೋಟದಿಂದ ಲೋಟಕ್ಕೆ ಹಾರಿಸುವಂತೆಯೇ. ಮೊದಲ ಸೌಟನ್ನು ಹೊರಗೆ ಒಯ್ದು ದಿಕ್ಕುಗಳಿಗೆ ಚೆಲ್ಲಿ ಬಂದರು. ಇದು ನೈವೇದ್ಯ. ಉಳಿದದ್ದು ನೆಂಟರಿಗೆ. ಎರಡು ಹೊತ್ತು ಫಿಲ್ಟರ್ ಕಾಫಿಯಿಲ್ಲದೆ ತಲೆ ಸಿಡಿಯುತ್ತಿದ್ದ ರಾಯರು ಒಂದು ಗುಟುಕು ಕುಡಿದು ಸುಮ್ಮನೆ ಕೂತರು. ಚಹಾ ಅಂದುಕೊಂಡು ಕುಡಿದರೆ ಇಳಿಯುವುದಿಲ್ಲ. ಉಪ್ಪುಹಾಕಿದ ಗಂಜಿತಿಳಿ ಅಂದುಕೊಂಡರೆ ಸೊಗಸಾಗಿದೆ. ಹೀಗೆ ಹೆಸರು ಬದಲಿಸಿಕೊಂಡು ಮೂರು ಬಟ್ಟಲು ಕುಡಿದರು.

ಊಟದ ಭಯ ಅರ್ಧ ಅಲ್ಲೇ ಹೋಯಿತು. ಚಳಿಗಾಲದ ಊಟ ಕೆಂಪು, ಅಂದರೆ ಮಾಂಸ, ಬೇಸಿಗೆಯದು ಬಿಳಿ. ಕುರಿ, ಆಡು, ಹಸು, ಚಮರಿ, ಕುದುರೆ, ಒಂಟೆ, ಕರೆಯುವಷ್ಟು ದಿನ ಹಾಲೇ ಹಾಲು. ಬೆರಳುದಪ್ಪ ಕೆನೆಯನ್ನು ರೊಟ್ಟಿಯ ಹಾಗೆ ಮಡಿಸಿ ಇಟ್ಟಿದ್ದರು. ಮೊಸರಿತ್ತು. ಬೆಣ್ಣೆ ಕಾಯಿಸಿದ 'ಹಳದಿ ಬೆಣ್ಣೆ' ಇತ್ತು, ಮೂಗಿಗೆ ಹಿಡಿದ ರಾಯರು "ತುಪ್ಪ ಕಣ್ರೀ!" ಎಂದು ಕೂಗಿ, ಚೀಲದಿಂದ ಚಟ್ನಿಪುಡಿ ತೆಗೆದು, ಎರಡನ್ನೂ ಕಲಸಿ ನಾಲಿಗೆಗಿಟ್ಟುಕೊಂಡು ಕಣ್ಣು ಮುಚ್ಚಿದರು. ಮನೆಯ ಯಜಮಾನನಿಗೆ ಕೋಡುಬಳೆ ಕೊಟ್ಟರು. ಆತ ಕೈಲಿ ತಿರುಗಿಸಿ ನೋಡಿ, ಕಟುಮ್ಮೆಂದು ಕಡಿದು, ಖಾರಕ್ಕೆ ಕಿವಿಯವರೆಗೆ ಕೆಂಪಾಗಿ, ಬಿಡದೆ ಪೂರ್ತಿ ತಿಂದ. ಬದಲಿಗೆ ಆರೂಲ್ ಕೊಟ್ಟ: ಮೊಸರನ್ನು ಹಿಂಡಿ ಬಿಸಿಲಲ್ಲಿ ಒಣಗಿಸಿದ ಬಿಳಿ ಬಿಲ್ಲೆ. ಅದನ್ನು ಕಡಿಯಲು ಹೋದ ಬಳಗದ ಒಬ್ಬರು ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಂಡರು. ಕಡಿಯುವುದಲ್ಲ, ದವಡೆಯಲ್ಲಿಟ್ಟು ಒಂದು ಗಂಟೆ ಕುದುರೆ ಓಡಿಸುವುದು ಕ್ರಮ.

ಕುದುರೆ ಹಾಲನ್ನು ಹುಳಿಸಿದ ಐರಗ್ ಬಂದಾಗ ಸಂಕಟ. ಅಮಲು ಕಡಿಮೆ, ಬಿಯರಿಗಿಂತಲೂ ಕಡಿಮೆ, ಆದರೆ ಅಮಲು ಅಮಲೇ. ಬೇಡ ಎನ್ನುವುದು ಮರ್ಯಾದೆಯಲ್ಲ. ಯಜಮಾನ ತೋರಿಸಿಕೊಟ್ಟ: ಉಂಗುರದ ಬೆರಳನ್ನು ಅದ್ದಿ ಆಕಾಶಕ್ಕೆ, ಗಾಳಿಗೆ, ನೆಲಕ್ಕೆ ಚಿಮುಕಿಸಿ ಆಮೇಲೆ ಕುಡಿಯಬೇಕು. ಎಲೆಯ ಮುಂದೆ ಕೂತು ದಿನವೂ ಪರಿಷೇಚನೆ ಮಾಡುವ ರಾಯರಿಗೆ ಇಷ್ಟು ಸಾಕಾಯಿತು. ಚಿಮುಕಿಸುವುದನ್ನು ಧಾರಾಳವಾಗಿ ಮಾಡಿದರು, ಕುಡಿಯುವುದನ್ನು ತೀರ್ಥದಷ್ಟೇ.

ಸಂಜೆ ಎಂಟೂವರೆಯಾದರೂ ಬೆಳಕಿತ್ತು. ಹೊರಗೆ ಕೂತು ರಾಯರು ತಮ್ಮ ಮೂಲ ಪ್ರಶ್ನೆಗೆ ಬಂದರು: "ಹೀಗೆ ಅಲೆಯುತ್ತಲೇ ಇದ್ದರೆ ನಿಮ್ಮ ವಿಳಾಸ ಯಾವುದು?" ಯಜಮಾನ ಮೊದಲು ನಕ್ಕ, ಆಮೇಲೆ ಸ್ವಲ್ಪ ಮುನಿದ ಹಾಗೆ ಕಂಡ. ಅಲೆಯುವುದಾ? ಬೆರಳು ಮಡಿಸಿ ಎಣಿಸಿದ. ಚಳಿಗಾಲದ ಬೀಡು ಗುಡ್ಡದ ಮರೆಯಲ್ಲಿ, ಅಲ್ಲಿ ದೊಡ್ಡಿ ಕಟ್ಟಿದೆ. ಕುರಿ ಮರಿ ಹಾಕುವ ವಸಂತದ ಬೀಡು ಬೇರೆ. ಬೇಸಿಗೆಯದು ಇಲ್ಲಿ ಹೊಳೆಯ ಹತ್ತಿರ. ಶರತ್ಕಾಲದ್ದು ಆ ಕಣಿವೆಯಾಚೆ. ಅಪ್ಪನ ಕಾಲದಿಂದ ಇವೇ ನಾಲ್ಕು ಜಾಗ. ಯಾವ ಹುಲ್ಲು ಯಾವಾಗ ಎದ್ದೇಳುತ್ತದೆ, ಯಾವ ಹಳ್ಳ ಯಾವಾಗ ಬತ್ತುತ್ತದೆ, ಅಕ್ಕಪಕ್ಕದವರಿಗೆ ಯಾವುದು ಬಿಡಬೇಕು, ಎಲ್ಲ ಗೊತ್ತು. ಆತನಿಗೆ ವಿಳಾಸ ಇಲ್ಲದ್ದಲ್ಲ, ನಾಲ್ಕು ಇವೆ. ಐದನೇ ಮೇನು, ಎರಡನೇ ಕ್ರಾಸಿನಲ್ಲಿ ಒಂದೇ ವಿಳಾಸ ಇಟ್ಟುಕೊಂಡ ರಾಯರು ಸುಮ್ಮನಾದರು.

ಇದನ್ನು ಬರೀ ಹಾಡುಹಸೆಯ ಬದುಕು ಎಂದುಕೊಂಡು ಮರಳಬಾರದು. ಬೇಸಿಗೆಯಲ್ಲಿ ಮಳೆ ಕೈಕೊಟ್ಟು, ಚಳಿಗಾಲದಲ್ಲಿ ಹುಲ್ಲಿನ ಮೇಲೆ ಮಂಜುಗಡ್ಡೆ ಕಟ್ಟಿ, ಜಾನುವಾರು ಗೊರಸಿನಿಂದ ಕೆದರಿದರೂ ಮೇವು ಸಿಗದೆ ನಿಂತಲ್ಲೇ ಸಾಯುವುದಕ್ಕೆ ಅವರು ಜುದ್ ಎನ್ನುತ್ತಾರೆ. 2009-10ರ ಜುದ್‌ನಲ್ಲಿ ಸತ್ತ ಜಾನುವಾರು ಎಂಬತ್ತು ಲಕ್ಷಕ್ಕೂ ಹೆಚ್ಚು. 2023-24ರಲ್ಲಿ ಮತ್ತೆ ಎಪ್ಪತ್ತು ಲಕ್ಷಕ್ಕೂ ಹೆಚ್ಚು. ತಪ್ಪೆಲ್ಲ ಆಕಾಶದ್ದೇ ಅಲ್ಲ. 1990ರ ನಂತರ ಹಿಂಡುಗಳು ಖಾಸಗಿಯಾದ ಮೇಲೆ ಕಾಶ್ಮೀರಿ ಉಣ್ಣೆಯ ಆಸೆಗೆ ಆಡುಗಳು ಸಿಕ್ಕಾಪಟ್ಟೆ ಹೆಚ್ಚಿದವು. ಆಡು ಹುಲ್ಲನ್ನು ಬುಡಸಮೇತ ಮೇಯುತ್ತದೆ. ಹಿಂಡು ಕಳೆದುಕೊಂಡವನು ಏನು ಮಾಡುತ್ತಾನೆ? ಮನೆ ಬಿಚ್ಚಿ ಗಾಡಿಗೆ ಹಾಕಿಕೊಂಡು ಉಲಾನ್‌ಬಾಟರ್‌ಗೆ ಬರುತ್ತಾನೆ.

ಬಂದ ಮೇಲೆ ಅವನು ಮಾಡುವ ಮೊದಲ ಕೆಲಸ, ಬೇಲಿ. ರಾಯರ ಆರು ಸೈಟು ಇರುವುದು ಇಲ್ಲಿ, ಊರಿನ ಉತ್ತರದ ಗುಡ್ಡಗಳ ಮೇಲೆ. ಹಲಗೆಯ ಎತ್ತರದ ಬೇಲಿ, ಒಳಗೊಂದು ಗೆರ್, ಮೂಲೆಯಲ್ಲಿ ಗುಂಡಿ ಕಕ್ಕಸು. ನಲ್ಲಿ ಇಲ್ಲ, ನೀರಿನ ಕಟ್ಟೆಗೆ ಕ್ಯಾನು ಹೊತ್ತ ತಳ್ಳುಗಾಡಿಯೊಂದಿಗೆ ಮಕ್ಕಳು ಹೋಗಬೇಕು. ಒಳಚರಂಡಿ ಇಲ್ಲ. ಚಳಿಗಾಲದಲ್ಲಿ ಪ್ರತಿ ಒಲೆಯೂ ಕಲ್ಲಿದ್ದಲು ನುಂಗಿ ಕಣಿವೆಯ ತುಂಬ ಹೊಗೆ. ಹಸಿ ಕಲ್ಲಿದ್ದಲನ್ನು 2019ರಲ್ಲಿ ನಿಷೇಧಿಸಿ ಅಚ್ಚುಹಾಕಿದ ಉಂಡೆ ಕೊಟ್ಟರೂ ಹೊಗೆ ಪೂರ್ತಿ ಹೋಗಿಲ್ಲ. 2017ರಲ್ಲಿ ಊರಿಗೆ ಬರುವುದನ್ನೇ ನಿಷೇಧಿಸಿ ನೋಡಿದರು. ಜನ ಬಂದರು, ಕಾಗದಪತ್ರ ಮಾತ್ರ ಆಗಲಿಲ್ಲ. ಬಯಲಿನಲ್ಲಿ ಒಂದು ಬೇಲಿಯೂ ಇಲ್ಲದೆ ಬದುಕಿದವನು ಸೈಟು ಸಿಕ್ಕಿದ ಕೂಡಲೇ ಬೇಲಿ ಹಾಕುವುದನ್ನು ರಾಯರು ಅಲ್ಲೇ ನಿಂತು ಬಹಳ ಹೊತ್ತು ನೋಡಿದರು. ಅಳತೆಪಟ್ಟಿ ಇಲ್ಲದಿದ್ದರೂ ಹೆಜ್ಜೆಯಲ್ಲಿ ಅಳೆದರು. ಅಳತೆ ಸರಿಯಾಗಿತ್ತು.

ಊರಿಗೆ ಬಂದು ಚಾಮರಾಜಪೇಟೆಯಲ್ಲಿ ಈ ಕಥೆಯನ್ನು ಅವರು ಹೇಳದ ಜಗುಲಿ ಉಳಿಯಲಿಲ್ಲ. ಕೇಳಿದವರೆಲ್ಲ 'ಪಾಪ ಅಲೆಮಾರಿಗಳು' ಅನ್ನುತ್ತಿದ್ದರು. ರಾಯರಿಗೆ ರೇಗುತ್ತಿತ್ತು. ಚಾಮರಾಜಪೇಟೆ ಹುಟ್ಟಿದ್ದೇ 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಕಟ್ಟಿಕೊಂಡದ್ದು 1898ರ ಪ್ಲೇಗಿನ ಹೊತ್ತಿನಲ್ಲಿ. ಇಲಿ ಬಿದ್ದಿತೆಂದರೆ ಪೇಟೆಯ ಜನ ಹಂಡೆ, ಕೊಳಗ, ತೊಟ್ಟಿಲು ಹೊತ್ತುಕೊಂಡು ಊರಾಚೆಯ ಬಯಲಲ್ಲಿ ತಟ್ಟಿ, ತಗಡಿನ ಶೆಡ್ಡು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದವರು. "ನಮ್ಮ ಮುತ್ತಜ್ಜ ಬೀಡು ಬಿಟ್ಟ ಜಾಗಕ್ಕೆ ನಾವು ಕಾಂಪೌಂಡು ಹಾಕಿಕೊಂಡಿದ್ದೀವಿ, ಅಷ್ಟೇ" ಎನ್ನುವುದು ರಾಯರ ಈಚಿನ ವಾದ. ಮನೆಯವರು ಒಪ್ಪಿಲ್ಲ.

ಹುಲ್ಲುಗಾವಲಿನ ಮಾತಿಗೆ ಬಂದರೆ ನಮ್ಮಲ್ಲೂ ಕಾನೂನು ಇಲ್ಲವೆಂದಲ್ಲ. ನೂರು ಜಾನುವಾರಿಗೆ 30 ಎಕರೆ ಗೋಮಾಳ ಬಿಡಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ. ಬೆಂಗಳೂರಿನ ಸುತ್ತ ಎಷ್ಟು ಗೋಮಾಳ ಯಾವ ಬಡಾವಣೆಯ ಹೊಟ್ಟೆಯಲ್ಲಿದೆ ಎಂದು ಗೃಹಸಾಲದ ಕಡತ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಕುರಿ ಮೇಯುತ್ತಿದ್ದ ಸಾವಿರಾರು ಎಕರೆ ದಶಕದ ಹಿಂದೆಯೇ ರಕ್ಷಣಾ, ಬಾಹ್ಯಾಕಾಶ, ಅಣುವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಮಲ್ಲೇಶ್ವರದ ಮಗ್ಗುಲಿನ ವಿಜ್ಞಾನ ಸಂಸ್ಥೆಗೂ ಅಲ್ಲಿ 1,500 ಎಕರೆ ಸಿಕ್ಕಿತು. ಅವಕ್ಕೆ ಜಾಗ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಬೇಲಿ ಎದ್ದ ಬೆಳಿಗ್ಗೆ ಕುರಿ ಬಿಟ್ಟುಕೊಂಡು ಬಂದವನಿಗೆ ಅದು ಜುದ್ದೇ.

ಮಾರನೆಯ ವರ್ಷ ಬಕ್ರೀದಿಗೆ ವಾರವಿರುವಾಗ ಈದ್ಗಾ ಮೈದಾನದ ಕಡೆ ರಾಯರು ಹಾಲು ತರಲು ಹೊರಟಿದ್ದರು. ಆ ವಾರ ಚಾಮರಾಜಪೇಟೆ ಚಾಮರಾಜಪೇಟೆಯ ಹಾಗಿರುವುದಿಲ್ಲ. ಬನ್ನೂರಿನ ಗಿಡ್ಡ ಕುರಿ, ಉತ್ತರದ ಉದ್ದ ಕಿವಿಯ ಟಗರು, ಹುರುಳಿಯ ಚೀಲ, ಸೊಪ್ಪಿನ ಕಂತೆ, ಚೌಕಾಸಿ, ಹಿಕ್ಕೆಯ ವಾಸನೆ. ಇಷ್ಟು ವರ್ಷ ಮೂಗು ಮುಚ್ಚಿ ದಾಟುತ್ತಿದ್ದ ರಾಯರು ಅವತ್ತು ನಿಂತರು. ಅಮೀನಗಡದ ಕಡೆಯಿಂದ ಬಂದ ಕುರುಬನೊಬ್ಬ, ಹೆಗಲ ಮೇಲೆ ಕರಿ ಕಂಬಳಿ, ಲಾರಿಯ ನೆರಳಲ್ಲಿ ಕೂತಿದ್ದ. ವರ್ಷದ ಎಂಟು ತಿಂಗಳು ತಟ್ಟುವಿನ ಮೇಲೆ ಸಂಸಾರ ಹೇರಿಕೊಂಡು, ಸುಗ್ಗಿ ಮುಗಿದ ಹೊಲದಿಂದ ಹೊಲಕ್ಕೆ ಹೋಗುವವನು. ರಾತ್ರಿ ಹೊಲದಲ್ಲಿ ಮಂದೆ ತಂಗಿಸಿದರೆ ರೈತ ಗೊಬ್ಬರಕ್ಕೆ ಬದಲಾಗಿ ಕಾಳೋ ಕಾಸೋ ಕೊಡುತ್ತಾನೆ. ಯಾವ ಊರಲ್ಲಿ ಯಾರ ಹೊಲ, ಯಾವ ತಿಂಗಳು, ಎಲ್ಲ ಅವನಿಗೆ ಅಪ್ಪನ ಕಾಲದಿಂದ ಗೊತ್ತು.

ರಾಯರು ಮೊಬೈಲು ತೆಗೆದು ಮಂಗೋಲಿಯಾದ ಕುರಿ ತೋರಿಸಿದರು. ಬಿಳಿ ಮೈ, ಕೊಬ್ಬು ತುಂಬಿದ ಅಗಲ ಬಾಲ. ಕುರುಬ ಫೋನು ಕೈಗೆ ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದ.

"ಬಾಲ ನೋಡ್ರಿ ಎಷ್ಟ ದಪ್ಪ ಐತಿ. ಬೇಲಿ ಎಲ್ಲೈತ್ರಿ?"

"ಇಲ್ಲ."

"ತ್ವಾಳ ಅದಾವೇನ್ರಿ ಅಲ್ಲೆ?"

"ಇವೆ. ಬೇಕಾದಷ್ಟು."

"ಹಂಗಾರ ನಾಯಿ ಎಷ್ಟ ಇಟಗೊಂಡಾರ್ರಿ?"

ಬೆಂಗಳೂರಿನಲ್ಲಿ ಆ ಫೋಟೋ ನೋಡಿದವರೆಲ್ಲ ಕೇಳಿದ್ದು, ಅಲ್ಲಿ ಜಾಗ ಚದರಡಿಗೆ ಎಷ್ಟು ಅಂತ. ನಾಯಿ ಕೇಳಿದವನು ಇವನೊಬ್ಬನೇ. ರಾಯರು ಹಾಲು ಮರೆತು ಅರ್ಧ ಗಂಟೆ ಕೂತರು. ಓದುಗರಲ್ಲಿ ಯಾರಾದರೂ ಆ ವಾರ ಮೈದಾನದ ಕಡೆ ಹೋಗುವುದಿದ್ದರೆ, ಟಗರಿನ ರೇಟು ಆಮೇಲೆ ಕೇಳಿ. ಮೊದಲು ನಿಮ್ಮ ಕಡೆ ಮಳೆ ಹೇಗೆ, ಮೇವು ಉಂಟಾ, ನಾಯಿ ಚೆನ್ನಾಗಿದೆಯಾ ಎಂದು ಕೇಳಿ ನೋಡಿ.